ಮನೆಯ ಸೋಲಾರ್, ಬ್ಯಾಟರಿ, ವಾಹನ ಚಾರ್ಜಿಂಗ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ತಾರಸಿಯ ಮೇಲೆ ಆರು ಪ್ಯಾನಲ್, ಮೆಟ್ಟಿಲ ಕೆಳಗೆ ಇನ್ವರ್ಟರ್, ಅದರ ಪಕ್ಕದಲ್ಲಿ ಬ್ಯಾಟರಿ, ಗೇಟಿನ ಒಳಗೆ ಸ್ಕೂಟರಿಗೋ ಕಾರಿಗೋ ಒಂದು ಚಾರ್ಜಿಂಗ್ ಸಾಕೆಟ್ ಇರುವ ಮನೆಗಳು ಕರ್ನಾಟಕದ ಊರುಗಳಲ್ಲಿ ಈಗ ಅಪರೂಪವಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಸಹಾಯಧನದ ಗರಿಷ್ಠ ಮೊತ್ತವಾದ 78,000 ರೂಪಾಯಿ 3 ಕಿಲೋವ್ಯಾಟಿಗೇ ಸಿಗುವುದರಿಂದ ಆ ಅಳತೆಯನ್ನು ಆರಿಸಿಕೊಳ್ಳುವವರು ಬಹಳ. ಈ ಕೈಪಿಡಿಯ ಲೆಕ್ಕಗಳನ್ನೂ ಅದೇ ಅಳತೆಗೆ, ಅಂದರೆ 540 ವ್ಯಾಟಿನ ಆರು ಪ್ಯಾನಲ್‌ಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿ ಅವುಗಳ ಡಿಸಿ ವಿದ್ಯುತ್ತನ್ನು ಮನೆ ಬಳಕೆಯ ಏಸಿಯಾಗಿಸುವ ಸಿಂಗಲ್ ಫೇಸ್ ಇನ್ವರ್ಟರಿಗೆ ಕೊಟ್ಟ ಮನೆಗೆ ಹೊಂದಿಸಿ ಬರೆಯಲಾಗಿದೆ.

ಏನೋ ಕೆಟ್ಟಿತೆಂದು ತಿಳಿದಾಗ ನಾವು ಮೊದಲು ನೋಡುವುದು ಪರದೆಯ ಮೇಲಿನ ದೋಷಸಂಖ್ಯೆಯನ್ನು. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ದೋಷ ಯಾವ ಹೊತ್ತಿನಲ್ಲಿ ಕಾಣಿಸಿಕೊಂಡಿತು ಎಂಬ ಮಾಹಿತಿ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಬಂದು ಹತ್ತು ಗಂಟೆಗೆ ತಾನೇ ಹೋಗುವ ದೋಷ ಒಂದು, ಬಿರುಬಿಸಿಲಿನ ಮಧ್ಯಾಹ್ನ ಮಾತ್ರ ಬರುವ ದೋಷ ಇನ್ನೊಂದು, ಗೀಸರ್ ಹಾಕಿದಾಗ ಬರುವುದು ಮತ್ತೊಂದು. ಆದ್ದರಿಂದ ಇನ್ವರ್ಟರಿನ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ತೂಗುಹಾಕಿ, ತಾರೀಖು, ಹೊತ್ತು, ಹವೆ, ಪರದೆಯಲ್ಲಿ ಕಂಡ ವೋಲ್ಟೇಜ್ ಮತ್ತು ಆಗ ಮನೆಯಲ್ಲಿ ಓಡುತ್ತಿದ್ದ ದೊಡ್ಡ ಉಪಕರಣ ಇಷ್ಟನ್ನು ಬರೆದಿಡಿ. ಮೊಬೈಲ್ ಆ್ಯಪ್ ಇದ್ದರೂ ಈ ಪುಸ್ತಕ ಇರಲಿ, ಏಕೆಂದರೆ ಮಳೆ ಬಂದದ್ದಾಗಲಿ ಗೀಸರ್ ಹಾಕಿದ್ದಾಗಲಿ ಆ್ಯಪಿಗೆ ಗೊತ್ತಿರುವುದಿಲ್ಲ.

ಕೈ ಹಾಕುವ ಮೊದಲು

ಆರು ಪ್ಯಾನಲ್‌ಗಳ ಸರಣಿಯಲ್ಲಿ ಬಿಸಿಲಿರುವ ತನಕ ಸುಮಾರು 300 ವೋಲ್ಟಿನವರೆಗೆ ಡಿಸಿ ವಿದ್ಯುತ್ ಇದ್ದೇ ಇರುತ್ತದೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ, ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂನವರು ಲೈನ್ ಕಡಿತಗೊಳಿಸಿದರೂ ಅದು ಹೋಗುವುದಿಲ್ಲ. ಏಸಿಯ ಕಿಡಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಬೇಗ ಆರುತ್ತದೆ, ಡಿಸಿಯ ಕಿಡಿಗೆ ಹಾಗೆ ಆರುವ ಅವಕಾಶವೇ ಇಲ್ಲದೆ ಲೋಹ ಕರಗುವವರೆಗೂ ಉರಿಯಬಲ್ಲದು. ಪ್ಯಾನಲ್‌ಗಳ ಅಡಿಯಲ್ಲಿರುವ ಎಂಸಿ4 ಕನೆಕ್ಟರುಗಳನ್ನು ವಿದ್ಯುತ್ ಹರಿಯುತ್ತಿರುವಾಗ ಎಳೆದು ಬಿಡಿಸಬಾರದೆಂಬ ನಿಯಮ ಬಂದಿರುವುದು ಇದರಿಂದಲೇ.

ವ್ಯವಸ್ಥೆಯನ್ನು ನಿಲ್ಲಿಸಬೇಕಾದರೆ ಮೊದಲು ಏಸಿ ಪೆಟ್ಟಿಗೆಯ ಎಂಸಿಬಿಯನ್ನು (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿ, ಇನ್ವರ್ಟರ್ ಉತ್ಪಾದನೆ ನಿಲ್ಲಿಸಿದ್ದನ್ನು ಪರದೆಯಲ್ಲಿ ಕಂಡ ಮೇಲೆ ಪ್ಯಾನಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್ಚಾದ ಡಿಸಿ ಐಸೋಲೇಟರನ್ನು ತಿರುಗಿಸಿ. ಮತ್ತೆ ಹಾಕುವಾಗ ಕ್ರಮ ತಿರುವುಮುರುವು. ನಿಮ್ಮ ಇನ್ವರ್ಟರಿನ ಜೊತೆ ಬಂದ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ನೋಡುವುದು, ಓದುವುದು, ಮೂಸುವುದು, ಎಂಸಿಬಿ ಏರಿಸಿ ಇಳಿಸುವುದು, ಗಾಜು ತೊಳೆಯುವುದು ಇವಿಷ್ಟು ಮನೆಯವರ ಕೆಲಸ. ಯಾವುದೇ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ಬಿಚ್ಚುವ ಹಂತ ಬಂದರೆ ಅಲ್ಲಿಂದ ಮುಂದೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ.

ಲಕ್ಷಣ: ಒಳ್ಳೆಯ ಬಿಸಿಲಿದೆ, ಉತ್ಪಾದನೆ ಸೊನ್ನೆ

ಮೊದಲು ಮನೆಯಲ್ಲಿ ಕರೆಂಟ್ ಇದೆಯೇ ನೋಡಿ. ಹಾಸ್ಯವೆನಿಸಬಹುದು, ಆದರೆ ಯುಪಿಎಸ್ ಇರುವ ಮನೆಗಳಲ್ಲಿ ದೀಪ, ಫ್ಯಾನು ಓಡುತ್ತಲೇ ಇರುವುದರಿಂದ ಕರೆಂಟ್ ಹೋದದ್ದು ಗೊತ್ತಾಗುವುದೇ ಇಲ್ಲ. ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನಿನಲ್ಲಿ ವಿದ್ಯುತ್ ಇಲ್ಲದಾಗ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ತಾರಸಿಯ ವಿದ್ಯುತ್ ತಗುಲುತ್ತದೆ. ಸೋಲಾರ್ ಹಾಕಿಸಿದ ಮೇಲೂ ಕರೆಂಟ್ ಹೋದಾಗ ಮನೆ ಕತ್ತಲಾಗುತ್ತದೆ ಎಂಬ ದೂರಿಗೆ ಇದೇ ಉತ್ತರ, ಅಲ್ಲಿ ಯಾವ ದೋಷವೂ ಇಲ್ಲ. ಬೇಸಿಗೆಯ ಹಗಲು ಪಾಳಿಯ ಕಡಿತ ಹೆಚ್ಚಿರುವ ಊರುಗಳಲ್ಲಿ ತಿಂಗಳ ಯೂನಿಟ್ ಕಡಿಮೆಯಾಗುವುದಕ್ಕೂ ಇದು ಕಾರಣವಾಗಬಹುದು.

ಕರೆಂಟ್ ಇದ್ದೂ ಉತ್ಪಾದನೆ ಇಲ್ಲವೆಂದರೆ ಇನ್ವರ್ಟರಿನ ಪರದೆಯನ್ನು ಗಮನಿಸಬೇಕು. ಹೆಚ್ಚಿನ ಇನ್ವರ್ಟರುಗಳ ಪರದೆ ಪ್ಯಾನಲ್‌ಗಳ ಡಿಸಿ ವಿದ್ಯುತ್ತಿನಿಂದಲೇ ಬೆಳಗುವುದರಿಂದ, ಹಗಲಿನಲ್ಲಿ ಪರದೆ ಪೂರ್ತಿ ಆರಿದ್ದರೆ ದೋಷವನ್ನು ಡಿಸಿ ಕಡೆ, ಅಂದರೆ ಐಸೋಲೇಟರ್, ಡಿಸಿ ಪೆಟ್ಟಿಗೆಯ ಫ್ಯೂಸ್ ಅಥವಾ ತಾರಸಿಯ ಕನೆಕ್ಟರುಗಳಲ್ಲಿ ಹುಡುಕಬೇಕು. ಪರದೆ ಬೆಳಗುತ್ತಿದ್ದು ಗ್ರಿಡ್ ಸಿಗುತ್ತಿಲ್ಲವೆಂದು ತೋರಿಸುತ್ತಿದ್ದರೆ ಏಸಿ ಪೆಟ್ಟಿಗೆಯ ಎಂಸಿಬಿ ಬಿದ್ದಿರಬಹುದು. ಅದನ್ನು ಒಮ್ಮೆ ಪೂರ್ತಿ ಕೆಳಕ್ಕೆ ಒತ್ತಿ ಮೇಲೆತ್ತಿ. ನಿಂತರೆ ಸರಿ, ತಕ್ಷಣ ಮತ್ತೆ ಬಿದ್ದರೆ ಎರಡನೆಯ ಸಲ ಏರಿಸುವ ಪ್ರಯತ್ನ ಬೇಡ.

ಎರಡೂ ಪೆಟ್ಟಿಗೆಗಳಲ್ಲಿ ಸಿಡಿಲಿನ ಅಧಿಕ ವೋಲ್ಟೇಜನ್ನು ಭೂಮಿಗೆ ಇಳಿಸುವ ಎಸ್‌ಪಿಡಿ ಎಂಬ ಸಾಧನವಿರುತ್ತದೆ. ಅದರ ಚಿಕ್ಕ ಕಿಟಕಿ ಹಸಿರಾಗಿದ್ದರೆ ಸುಸ್ಥಿತಿಯಲ್ಲಿದೆ, ಕೆಂಪಾಗಿದ್ದರೆ ಒಮ್ಮೆ ಪೆಟ್ಟು ತಿಂದು ಮುಗಿದಿದೆ ಎಂದರ್ಥ. ಕೆಂಪಾದ ಮೇಲೂ ಉತ್ಪಾದನೆ ಎಂದಿನಂತೆ ನಡೆಯುವುದರಿಂದ ಯಾರೂ ಅತ್ತ ನೋಡುವುದಿಲ್ಲ. ಆದರೆ ಮುಂದಿನ ಸಿಡಿಲಿಗೆ ಇನ್ವರ್ಟರ್ ನೇರವಾಗಿ ಮೈಯೊಡ್ಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ಈ ಕಿಟಕಿಯನ್ನು ನೋಡುವುದನ್ನು ರೂಢಿಸಿಕೊಳ್ಳಿ.

ಲಕ್ಷಣ: ಮಧ್ಯಾಹ್ನ ಮಾತ್ರ ನಿಂತು ನಿಂತು ಹೊರಡುತ್ತದೆ

ಆ್ಯಪಿನ ದಿನದ ನಕ್ಷೆ ಬೆಟ್ಟದಂತೆ ಮೇಲೇರಿ ಇಳಿಯಬೇಕಾದದ್ದು ಹನ್ನೊಂದರಿಂದ ಎರಡರವರೆಗೆ ಬಾಚಣಿಗೆಯ ಹಲ್ಲುಗಳಂತೆ ಕಂಡರೆ, ಇನ್ವರ್ಟರ್ ಪದೇ ಪದೇ ಗ್ರಿಡ್ಡಿನಿಂದ ಕಳಚಿಕೊಳ್ಳುತ್ತಿದೆ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಅಧಿಕ ವೋಲ್ಟೇಜ್ ಕಾರಣ. ಮನೆಗೆ ಬರುವ ವೋಲ್ಟೇಜ್ 230 ಇರಬೇಕು. ಅದಕ್ಕಿಂತ ಶೇಕಡ 10 ಹೆಚ್ಚಾಗಿ 253ರ ಆಸುಪಾಸು ತಲುಪಿದರೆ ಇನ್ವರ್ಟರ್ ತನ್ನ ಮತ್ತು ಮನೆಯ ಉಪಕರಣಗಳ ರಕ್ಷಣೆಗಾಗಿ ಬಿಟ್ಟುಕೊಳ್ಳುತ್ತದೆ, ಕೆಲವು ನಿಮಿಷ ಕಾದು ಮತ್ತೆ ಸೇರುತ್ತದೆ, ಮತ್ತೆ ಬಿಡುತ್ತದೆ.

ವಿದ್ಯುತ್ತನ್ನು ಹೊರಗೆ ತಳ್ಳಬೇಕಾದರೆ ಇನ್ವರ್ಟರಿನ ವೋಲ್ಟೇಜ್ ಲೈನಿನದಕ್ಕಿಂತ ತುಸು ಮೇಲಿರಬೇಕು. ಎಷ್ಟು ಮೇಲಿರಬೇಕೆಂಬುದನ್ನು ನಡುವಿನ ತಂತಿ ತೀರ್ಮಾನಿಸುತ್ತದೆ. 3 ಕಿಲೋವ್ಯಾಟ್ ಉತ್ಪಾದನೆಯಲ್ಲಿ ಹರಿಯುವುದು ಸುಮಾರು 13 ಆಂಪಿಯರ್. ಇನ್ವರ್ಟರಿನಿಂದ ಮೀಟರಿನವರೆಗಿನ ತಂತಿ ಮತ್ತು ಸಂದುಗಳಲ್ಲಿ ಹೋಗಿ ಬರುವ ದಾರಿಯೆಲ್ಲ ಸೇರಿ ಒಂದು ಓಮ್ ಪ್ರತಿರೋಧವಿದ್ದರೆ ಅಲ್ಲಿಯೇ 13 ವೋಲ್ಟ್ ಏರುತ್ತದೆ. ಲೈನಿನಲ್ಲಿ 241 ಇದ್ದರೂ ಇನ್ವರ್ಟರಿಗೆ 254 ಕಾಣುತ್ತದೆ. ಮಧ್ಯಾಹ್ನವೇ ಇದು ಆಗಲು ಕಾರಣವೂ ಸ್ಪಷ್ಟ: ತಳ್ಳುವ ವಿದ್ಯುತ್ ಆಗಲೇ ಹೆಚ್ಚು, ಊರಿನ ಬಳಕೆ ಆಗಲೇ ಕಡಿಮೆ.

ಇದನ್ನು ಖಾತ್ರಿ ಮಾಡಿಕೊಳ್ಳಲು ಹಣ ಬೇಕಿಲ್ಲ. ನಕ್ಷೆ ಬಾಚಣಿಗೆಯಾಗುವ ಹೊತ್ತಿಗೆ ಗೀಸರ್ ಹಾಕಿ, ಇಲ್ಲವೇ ಸ್ಕೂಟರನ್ನು ಚಾರ್ಜಿಗೆ ಇಡಿ. ಉತ್ಪಾದನೆಯ ದೊಡ್ಡ ಪಾಲು ಮನೆಯೊಳಗೇ ಖರ್ಚಾಗಿ ಇನ್ವರ್ಟರ್ ನೆಮ್ಮದಿಯಾಗಿ ಓಡತೊಡಗಿದರೆ ರೋಗ ಸಿಕ್ಕಿತು. ಮುಂದಿನ ಹೆಜ್ಜೆಯಾಗಿ, ಒಬ್ಬರು ಇನ್ವರ್ಟರಿನ ಪರದೆಯಲ್ಲಿ ಏಸಿ ವೋಲ್ಟೇಜ್ ಓದುತ್ತಿರುವಾಗಲೇ ಇನ್ನೊಬ್ಬರು, ಹೊರಗೆ ಹೋದ ಮತ್ತು ಒಳಗೆ ಬಂದ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರಿನ ಪರದೆಯಲ್ಲಿ ಸರದಿಯಂತೆ ಬಂದುಹೋಗುವ ವೋಲ್ಟೇಜ್ ಓದಲಿ. ಎರಡರ ನಡುವೆ ನಾಲ್ಕೈದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ನಿಮ್ಮ ಮನೆಯ ತಂತಿಯಲ್ಲಿ ಅಥವಾ ಸಂದಿನಲ್ಲಿದೆ. ಅಂತರ ಕಡಿಮೆಯಿದ್ದು ಮೀಟರಿನಲ್ಲೇ 250 ದಾಟುತ್ತಿದ್ದರೆ ದೋಷ ಕಂಬದ ಕಡೆಗಿದೆ. ಸರ್ವಿಸ್ ವೈರ್ ತೆಳುವಾಗಿರಬಹುದು, ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರಿನ) ವೋಲ್ಟೇಜ್ ಹೊಂದಿಸುವ ಟ್ಯಾಪ್ ಎತ್ತರದಲ್ಲಿರಬಹುದು. ಓದಿದ ಅಂಕಿಗಳನ್ನು ಮೂರು ದಿನ ಬರೆದಿಟ್ಟು ಎಸ್ಕಾಂಗೆ 1912ರಲ್ಲಿ ದೂರು ದಾಖಲಿಸಿ, ಉಪವಿಭಾಗ ಕಚೇರಿಗೆ ಲಿಖಿತವಾಗಿಯೂ ಕೊಡಿ. ಇನ್ವರ್ಟರಿನ ಮಿತಿಯನ್ನೇ 270ಕ್ಕೆ ಏರಿಸಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ವೋಲ್ಟೇಜ್ ನಿಮ್ಮ ಫ್ರಿಜ್, ಟಿವಿಗಳಿಗೂ ಹೋಗುತ್ತದೆ.

ನಮ್ಮ ಮನೆಯಲ್ಲಿ ಈ ಅಂತರ 11 ವೋಲ್ಟ್ ಇತ್ತು. ಅಳವಡಿಸಿದವರು ಇನ್ವರ್ಟರ್ ಬದಲಿಸಬೇಕೆಂದಿದ್ದರು. ಎಲೆಕ್ಟ್ರಿಷಿಯನ್ ಏಸಿ ಪೆಟ್ಟಿಗೆ ತೆರೆದು ನ್ಯೂಟ್ರಲ್ ತಂತಿಯನ್ನು ಬೆರಳಲ್ಲಿ ಅಲುಗಿಸಿದಾಗ ತುದಿಗೆ ತೊಡಿಸಿದ ಲಗ್ ಎಂಬ ಲೋಹದ ತುಂಡಿನಿಂದ ತಂತಿಯೇ ಹೊರಗೆ ಜಾರಿತು. ಕ್ರಿಂಪ್ ಮಾಡುವ ಇಕ್ಕಳದ ಬದಲು ಸಾಧಾರಣ ಕಟಿಂಗ್ ಪ್ಲೈಯರಿನಲ್ಲಿ ಒತ್ತಿದ್ದರು. ತಾಮ್ರದ ತುದಿ ಕಪ್ಪಾಗಿ, ನಿರೋಧಕ ಹೊದಿಕೆ ಅರ್ಧ ಇಂಚಿನಷ್ಟು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೆಲವೇ ರೂಪಾಯಿಯ ಲಗ್ ಬದಲಾಯಿಸಿದ ಮೇಲೆ ಅಂತರ 2 ವೋಲ್ಟಿಗೆ ಇಳಿಯಿತು. ಇಂಥ ವ್ಯವಸ್ಥೆಗಳಲ್ಲಿ ದುಬಾರಿ ಯಂತ್ರಗಳಿಗಿಂತ ಅಗ್ಗದ ಸಂದುಗಳೇ ಹೆಚ್ಚು ಕೆಡುತ್ತವೆ ಎಂಬ ನನ್ನ ನಂಬಿಕೆ ಅಂದಿನದು.

ಮಧ್ಯಾಹ್ನದ ಇನ್ನೊಂದು ಲಕ್ಷಣ ಬೇರೆ ರೀತಿಯದು: ಇನ್ವರ್ಟರ್ ನಿಲ್ಲುವುದಿಲ್ಲ, ಆದರೆ ನಕ್ಷೆಯ ನೆತ್ತಿ ಚಪ್ಪಟೆಯಾಗುತ್ತದೆ. ಸರಿಯಾಗಿ 3 ಕಿಲೋವ್ಯಾಟಿನಲ್ಲಿ ಚಪ್ಪಟೆಯಾಗಿದ್ದರೆ ಇನ್ವರ್ಟರ್ ತನ್ನ ಪೂರ್ಣ ಸಾಮರ್ಥ್ಯ ಮುಟ್ಟಿದೆ, ಚಿಂತಿಸಬೇಕಿಲ್ಲ. ಎರಡು, ಎರಡೂಕಾಲರಲ್ಲಿ ಚಪ್ಪಟೆಯಾಗಿ ಮೂರು ಗಂಟೆಗೆ ಇನ್ನೂ ಕುಗ್ಗುತ್ತಿದ್ದರೆ ಅದು ಬಿಸಿಯಾಗಿ ತಾನೇ ಉತ್ಪಾದನೆ ತಗ್ಗಿಸಿಕೊಳ್ಳುತ್ತಿದೆ. ತಗಡಿನ ಮಾಡಿನ ಕೆಳಗೆ ಅಥವಾ ಪಶ್ಚಿಮದ ಗೋಡೆಯಲ್ಲಿ ಕೂರಿಸಿದ್ದರೆ ಹೀಗಾಗುತ್ತದೆ. ಹಿಂಬದಿಯ ರೆಕ್ಕೆಗಳ ನಡುವಿನ ಧೂಳು, ಜೇಡರಬಲೆಗಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ಮೇಲೆ ಕೆಳಗೆ ಗಾಳಿಯಾಡುವಷ್ಟು ಜಾಗ ಬಿಡಿ, ನೆರಳಿನ ಏರ್ಪಾಡು ಮಾಡಿ.

ಲಕ್ಷಣ: ಮಳೆಯ ಮರುದಿನ ಬೆಳಿಗ್ಗೆ ದೋಷ, ಬಿಸಿಲೇರಿದ ಮೇಲೆ ತಾನೇ ಸರಿ

ಇನ್ವರ್ಟರ್ ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಡಿಸಿ ತಂತಿಗಳಿಂದ ಭೂಮಿಗೆ ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತದೆ. ಸೋರಿಕೆ ಮಿತಿ ಮೀರಿದ್ದರೆ ನಿರೋಧಕತೆ ಕಡಿಮೆಯಾಗಿದೆಯೆಂದು, ಅಂದರೆ ಐಸೋಲೇಶನ್ ದೋಷವೆಂದು ತೋರಿಸಿ ಹೊರಡಲು ನಿರಾಕರಿಸುತ್ತದೆ. ಒದ್ದೆ ಆರಿದಾಗ ಸೋರಿಕೆ ನಿಲ್ಲುವುದರಿಂದ ತಾನೇ ಸರಿಹೋದಂತೆ ತೋರುತ್ತದೆ. ಎಲ್ಲೋ ಒಂದು ಕಡೆ ತಂತಿಯ ಹೊದಿಕೆ ಸುಲಿದಿದೆ, ಕನೆಕ್ಟರಿಗೆ ನೀರು ಹೊಕ್ಕಿದೆ, ಅಥವಾ ಪ್ಯಾನಲಿನ ಹಿಂದಿನ ಪೆಟ್ಟಿಗೆಗೆ ತೇವ ಸೇರಿದೆ ಎಂಬುದು ಮಾತ್ರ ಹಾಗೆಯೇ ಉಳಿದಿರುತ್ತದೆ.

ಒಣಗಿದ ದಿನ, ಸಂಜೆ ಬೆಳಕು ಕುಂದಿದ ಮೇಲೆ, ತಾರಸಿಗೆ ಹೋಗಿ ಮುಟ್ಟದೆ ನೋಡಿ. ಪ್ಯಾನಲ್‌ಗಳ ಅಡಿಯಿಂದ ಜೋತುಬಿದ್ದ ತಂತಿ ನಿಂತ ನೀರಿನಲ್ಲಿ ಅದ್ದಿದೆಯೇ, ಕಬ್ಬಿಣದ ಚೌಕಟ್ಟಿನ ಅಂಚಿಗೆ ಉಜ್ಜುತ್ತಿದೆಯೇ, ಇಲಿಯೋ ಅಳಿಲೋ ಕಡಿದಿದೆಯೇ, ಪೈಪಿನ ಬಾಯಿ ಆಕಾಶ ನೋಡುತ್ತಿದೆಯೇ? ಪೈಪು ಗೋಡೆಯೊಳಗೆ ಇಳಿಯುವ ಮುನ್ನ ಕೆಳಮುಖವಾಗಿ ಒಮ್ಮೆ ಬಾಗಿದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ; ನೇರವಾಗಿದ್ದರೆ ನೇರ ಪೆಟ್ಟಿಗೆಗೇ ಬರುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜೂನ್ ಮೊದಲ ವಾರದ ದೂರುಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ.

ಈ ಸೂಚನೆ ಇರುವಾಗ ಪ್ಯಾನಲಿನ ಚೌಕಟ್ಟಿಗೇ ವಿದ್ಯುತ್ ಬಂದಿರುವ ಸಾಧ್ಯತೆ ಇರುವುದರಿಂದ, ಒದ್ದೆ ತಾರಸಿಯಲ್ಲಿ ಬರಿಗಾಲಿನಲ್ಲಿ ನಿಂತು ಯಾವ ಲೋಹವನ್ನೂ ಮುಟ್ಟಬಾರದು, ಆ ಕಂಬಿಗಳಿಗೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗಿಸಬಾರದು. ದೋಷ ಮೂರನೆಯ ಸಲ ಬಂದರೆ ಕಾಯದೆ ತಂತ್ರಜ್ಞರನ್ನು ಕರೆಸಿ, ಮೆಗ್ಗರ್ ಎಂಬ ಉಪಕರಣದಿಂದ ಸೋರಿಕೆ ಅಳೆಸಿ. ಬಿಸಿಲಿರುವ ದಿನ ಬಂದು ಎಲ್ಲ ಸರಿಯಿದೆಯೆಂದು ಹೊರಟುಬಿಡುವುದು ಈ ದೋಷದಲ್ಲಿ ಸಾಮಾನ್ಯ. ನೋಟ್‌ಬುಕ್ಕಿನ ಪುಟ ತೋರಿಸಿ ತಡೆಯಿರಿ.

ಲಕ್ಷಣ: ಓಡುತ್ತಿದೆ, ಆದರೆ ಯೂನಿಟ್ ಕಡಿಮೆ

ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂಬುದು ವರ್ಷದ ಸರಾಸರಿ. ಮಾರ್ಚಿನ ಬಯಲುಸೀಮೆಯಲ್ಲಿ ಅದಕ್ಕಿಂತ ಹೆಚ್ಚು, ಜುಲೈನ ತೀರ್ಥಹಳ್ಳಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬಂದರೂ ದೋಷವೆನ್ನಲಾಗದು. ಬಿಸಿಯೂ ಉತ್ಪಾದನೆಯನ್ನು ತಿನ್ನುತ್ತದೆ: ಪ್ಯಾನಲಿನ ಮೈ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಕಾದಂತೆ ಶೇಕಡ 0.3ರಿಂದ 0.4ರಷ್ಟು ಶಕ್ತಿ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು 60 ಡಿಗ್ರಿ ಮುಟ್ಟಿದಾಗ ಶೇಕಡ 12ರ ಸುಮಾರು ಇದರಲ್ಲೇ ಹೋಗುತ್ತದೆ. ಆದ್ದರಿಂದ ನಿನ್ನೆಯೊಂದಿಗೆ ಅಥವಾ ಕಳೆದ ತಿಂಗಳೊಂದಿಗೆ ಹೋಲಿಸುವ ಬದಲು, ಕಳೆದ ವರ್ಷದ ಇದೇ ತಿಂಗಳೊಂದಿಗೆ ಇಲ್ಲವೇ ಅದೇ ಬೀದಿಯ ಇನ್ನೊಂದು ಮನೆಯ ಪ್ರತಿ ಕಿಲೋವ್ಯಾಟಿನ ಯೂನಿಟ್ಟಿನೊಂದಿಗೆ ಹೋಲಿಸಿ.

ಹೋಲಿಸಿದರೂ ಕಡಿಮೆಯೇ ಇದ್ದರೆ ಗಾಜನ್ನು ನೋಡಿ. ರಸ್ತೆಯ ಧೂಳು, ಒಕ್ಕಣೆಯ ಹೊಟ್ಟು, ಹೊಂಗೆ ಮರದ ಹೂವು, ಪಾರಿವಾಳದ ಹಿಕ್ಕೆ ಇವುಗಳಲ್ಲಿ ಹಿಕ್ಕೆಯೇ ಹೆಚ್ಚು ಕೇಡಿನದು. ಧೂಳು ಎಲ್ಲ ಕೋಶಗಳನ್ನೂ ತುಸು ಮಂಕಾಗಿಸಿದರೆ, ಗಟ್ಟಿಯಾದ ಹಿಕ್ಕೆ ಒಂದೇ ಕೋಶವನ್ನು ಮುಚ್ಚಿ ಅಲ್ಲಿ ಬಿಸಿಯ ಚುಕ್ಕೆ ಹುಟ್ಟಿಸುತ್ತದೆ. ಬೆಳಿಗ್ಗೆ ಏಳರೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ ಮೆತ್ತನೆಯ ಬಟ್ಟೆಯ ಮಾಪಿನಿಂದ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್ಲಿನ ಗಡಸು ನೀರನ್ನು ಒಣಗಲು ಬಿಟ್ಟರೆ ಬಿಳಿಯ ಪೊರೆ ಕಟ್ಟುತ್ತದೆ, ಆದ್ದರಿಂದ ವೈಪರಿನಿಂದ ಎಳೆದುಬಿಡಿ. ಪ್ಯಾನಲಿನ ಮೇಲೆ ಕಾಲಿಡಬೇಡಿ: ಗಾಜು ಒಡೆಯದಿದ್ದರೂ ಒಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ.

ಬಳಿಕ ನೆರಳು. ಕರ್ನಾಟಕದಲ್ಲಿ ಮೇ, ಜೂನ್ ತಿಂಗಳ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿ ಬೆಂಗಳೂರಿನ ನಡುಹಗಲಿಗೂ ದಕ್ಷಿಣದ ಆಕಾಶದಲ್ಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೇ ತಿಂಗಳಲ್ಲಿ ಅಳವಡಿಸುವಾಗ ಇಲ್ಲದ ನೀರಿನ ಟ್ಯಾಂಕಿನ ನೆರಳು ಡಿಸೆಂಬರಿನಲ್ಲಿ ಎರಡು ಪ್ಯಾನಲ್‌ಗಳ ಮೇಲೆ ಮಲಗಿರುವುದು ಹೀಗೆ. ಸರಣಿಯಲ್ಲಿರುವುದರಿಂದ ಒಂದರ ನೆರಳು ಉಳಿದವನ್ನೂ ಬಾಧಿಸುತ್ತದೆ. ಒಂದು ಬಿಡುವಿನ ದಿನ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ತಾರಸಿಯ ಒಂದೊಂದು ಫೋಟೋ ತೆಗೆದರೆ ಸಂದೇಹ ಉಳಿಯುವುದಿಲ್ಲ.

ಗಾಜು ಶುಭ್ರ, ನೆರಳಿಲ್ಲ, ಆದರೂ ಕಡಿಮೆಯೆಂದಾದರೆ ಇನ್ವರ್ಟರಿನ ಡಿಸಿ ವೋಲ್ಟೇಜನ್ನು ಹಳೆಯ ಪುಟದೊಂದಿಗೆ ಹೋಲಿಸಿ. ಪ್ರತಿ ಪ್ಯಾನಲಿನೊಳಗೆ ಸಾಮಾನ್ಯವಾಗಿ ಮೂರು ಭಾಗಗಳು, ಭಾಗಕ್ಕೊಂದು ಬೈಪಾಸ್ ಡಯೋಡ್, ಅಂದರೆ ನೆರಳಾದ ಭಾಗವನ್ನು ಬಿಟ್ಟು ವಿದ್ಯುತ್ತಿಗೆ ಪಕ್ಕದ ದಾರಿ ಕೊಡುವ ಬಿಡಿಭಾಗ. ಆರು ಪ್ಯಾನಲಿಗೆ ಹದಿನೆಂಟು. ಸಿಡಿಲಿಗೆ ಒಂದು ಡಯೋಡ್ ಸುಟ್ಟು ಶಾರ್ಟಾದರೆ ಆ ಭಾಗದ 12ರಿಂದ 14 ವೋಲ್ಟ್ ಇಳಿದುಹೋಗಿ ಮತ್ತೆ ಏರುವುದಿಲ್ಲ. ಅದೇ ತಿಂಗಳು, ಅದೇ ಹೊತ್ತಿನ ಅಂಕಿಗಿಂತ ಅಷ್ಟು ಇಳಿದಿದ್ದು ಹಾಗೇ ನಿಂತಿದ್ದರೆ ವಾರಂಟಿಯವರನ್ನು ಕರೆಯುವ ಸಮಯ ಬಂದಿದೆ.

ಲಕ್ಷಣ: ಉತ್ಪಾದನೆ ಚೆನ್ನಾಗಿದೆ, ಬಿಲ್ ಇಳಿದಿಲ್ಲ

ಇನ್ವರ್ಟರಿನ ಅಂಕಿಯಿಂದ ನೆಟ್ ಮೀಟರಿನ ರಫ್ತನ್ನು ಕಳೆದರೆ ಹಗಲಲ್ಲಿ ಮನೆಯೇ ಬಳಸಿಕೊಂಡ ಸೋಲಾರ್ ಸಿಗುತ್ತದೆ. ಅದಕ್ಕೆ ಆಮದು ಸೇರಿಸಿದರೆ ಮನೆಯ ಒಟ್ಟು ಬಳಕೆ. ಈ ಎರಡು ಸಾಲಿನ ಲೆಕ್ಕ ಮಾಡದೆ ದೂರು ಕೊಟ್ಟರೆ ಫಲವಿಲ್ಲ. ಹೆಚ್ಚಿನ ಸಲ ಒಟ್ಟು ಬಳಕೆಯೇ ಏರಿರುತ್ತದೆ, ವಾಹನ ರಾತ್ರಿ ಚಾರ್ಜ್ ಆಗುತ್ತಿರುತ್ತದೆ. ಮಧ್ಯಾಹ್ನ ಮನೆಯ ಎಲ್ಲ ಉಪಕರಣ ಆಫ್ ಮಾಡಿ ಹತ್ತು ನಿಮಿಷ ನಿಂತು ನೋಡಿದಾಗ ರಫ್ತಿನ ಬದಲು ಆಮದಿನ ಅಂಕಿ ಓಡುತ್ತಿದ್ದರೆ ಮಾತ್ರ ಮೀಟರಿನ ಜೋಡಣೆಯನ್ನು ಶಂಕಿಸಬೇಕು. ಆ ಪರದೆಯ ವಿಡಿಯೊ ಮಾಡಿಟ್ಟುಕೊಂಡು ಎಸ್ಕಾಂಗೆ ಪರೀಕ್ಷೆ ಕೋರಿ. ಮೀಟರಿನ ಸೀಲ್ ಮುಟ್ಟಬೇಡಿ.

ಲಕ್ಷಣ: ಬ್ಯಾಟರಿ ಬೇಗ ಮುಗಿಯುತ್ತದೆ

150 ಆಂಪಿಯರ್-ಅವರ್‌ನ 12 ವೋಲ್ಟ್ ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1.8 ಯೂನಿಟ್ಟಿನದು, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಫ್ರಿಜ್ ಅಥವಾ ಮಿಕ್ಸಿಯನ್ನು ಯಾರಾದರೂ ಯುಪಿಎಸ್ ಲೈನಿಗೆ ಸೇರಿಸಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ಆಮೇಲೆ ನೀರಿನ ಮಟ್ಟ ಸೂಚಿಸುವ ತೇಲುಕಡ್ಡಿಗಳನ್ನು ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್‌ಒ ನೀರು, ಮಳೆನೀರು, ಏಸಿ ಯಂತ್ರದಿಂದ ತೊಟ್ಟಿಕ್ಕಿದ ನೀರು ಯಾವುದೂ ಅದಕ್ಕೆ ಸಮನಲ್ಲ. ಫಲಕಗಳು ಬಯಲಾಗಿದ್ದರೆ ಅವು ಮುಳುಗುವಷ್ಟು ಮಾತ್ರ ಹಾಕಿ, ಪೂರ್ಣ ಚಾರ್ಜ್ ಆದ ಮೇಲೆ ಉಳಿದದ್ದನ್ನು ತುಂಬಿ. ಇಲ್ಲದಿದ್ದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತದೆ.

ಟರ್ಮಿನಲ್ಲಿನಲ್ಲಿ ಬಿಳಿ ಅಥವಾ ನೀಲಿ ಹಸಿರು ಪುಡಿ ಕೂತಿದ್ದರೆ ಯುಪಿಎಸ್ ಮತ್ತು ಅದರ ಸಾಕೆಟ್ ಎರಡನ್ನೂ ಆಫ್ ಮಾಡಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಹಳೆಯ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಬಿಗಿದು, ವ್ಯಾಸಲೀನ್ ಸವರಿ. ಮೊದಲು ಕೈಬಳೆ, ಉಂಗುರ, ವಾಚುಗಳನ್ನು ತೆಗೆದಿಡಿ. ಸ್ಪಾನರ್ ಎರಡೂ ಟರ್ಮಿನಲ್ಲಿಗೆ ತಗುಲಿದರೆ ಕೆಂಪಗೆ ಕಾಯುವಷ್ಟು ಕರೆಂಟ್ ಹರಿಯುತ್ತದೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಅನಿಲ ಬಿಡುವುದರಿಂದ ಅದರ ಹತ್ತಿರ ದೀಪ, ಊದುಬತ್ತಿ ಇಡಬಾರದು. ಮೆಟ್ಟಿಲ ಕೆಳಗಿನ ಆ ಜಾಗವನ್ನೇ ದೇವರ ಗೂಡು ಮಾಡಿಕೊಂಡ ಮನೆಗಳನ್ನು ನೋಡಿದ್ದೇನೆ.

ಇಷ್ಟಾದರೂ ಸುಧಾರಿಸದಿದ್ದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದು ಆರೂ ಕೋಶಗಳನ್ನು ಪರೀಕ್ಷಿಸಬೇಕು. ಪೂರ್ಣ ಚಾರ್ಜಿನಲ್ಲಿ ಎಲ್ಲವೂ 1.240ರ ಸುಮಾರು ತೋರಿಸಬೇಕು. ಎಲ್ಲ ಸಮನಾಗಿ ಕಡಿಮೆಯಿದ್ದರೆ ಚಾರ್ಜ್ ಸಾಲುತ್ತಿಲ್ಲ, ದೋಷ ಚಾರ್ಜರಿನಲ್ಲಿರಬಹುದು. ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಕೋಶ ಸತ್ತಿದೆ, ಬ್ಯಾಟರಿ ಬದಲಿಸದೆ ಗತ್ಯಂತರವಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಲಕ್ಷಣ ಬೇರೆ. ಪರದೆಯಲ್ಲಿ ಶೇಕಡ 40 ತೋರಿಸುತ್ತಿದ್ದುದು ಥಟ್ಟನೆ ಸೊನ್ನೆಯಾಗುತ್ತದೆ. ಇದರ ವೋಲ್ಟೇಜ್ ಹೆಚ್ಚಿನ ಹೊತ್ತು ಒಂದೇ ಮಟ್ಟದಲ್ಲಿರುವುದರಿಂದ ಉಳಿಕೆಯನ್ನು ಲೆಕ್ಕದಿಂದ ಅಂದಾಜಿಸುತ್ತಾರೆ. ಬಹಳ ದಿನ ಪೂರ್ಣ ಚಾರ್ಜ್ ಆಗದಿದ್ದರೆ ಅಂದಾಜು ದಾರಿ ತಪ್ಪುತ್ತದೆ. ಶೇಕಡ 100 ಮುಟ್ಟಿದ ಮೇಲೂ ಕೆಲವು ಗಂಟೆ ಚಾರ್ಜಿನಲ್ಲೇ ಬಿಟ್ಟು ಕೋಶಗಳು ಸಮನಾಗಲು ಅವಕಾಶ ಕೊಡಿ. ಎರಡನೆಯದಾಗಿ, ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತೆಳು ಸಂವಹನ ಕೇಬಲ್ ಕಳಚಿದೆಯೇ, ಸರ್ವಿಸ್ ಆದ ಮೇಲೆ ಬ್ಯಾಟರಿಯ ಬಗೆ ಲೆಡ್ ಆಸಿಡ್ ಎಂದು ಬದಲಾಗಿದೆಯೇ ನೋಡಿ. ಪೂರ್ತಿ ಬರಿದಾಗಿ ಮಲಗಿದ ಬ್ಯಾಟರಿಯನ್ನು ಇನ್ನೊಂದು ಬ್ಯಾಟರಿಯಿಂದ ತಂತಿ ಎಳೆದು ಎಬ್ಬಿಸುವ ಸಾಹಸ ಬೇಡ.

ಯಾವುದೇ ಬ್ಯಾಟರಿ ಉಬ್ಬಿದ್ದರೆ, ಬುಸುಗುಟ್ಟುತ್ತಿದ್ದರೆ, ಕೊಳೆತ ಮೊಟ್ಟೆಯ ಅಥವಾ ದ್ರಾವಕದ ಘಾಟು ಬರುತ್ತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಸುಲಭವಾಗಿ ಕೈಗೆಟಕಿದರೆ ಮೇನ್ ಇಳಿಸಿ, ಎಲ್ಲರೂ ಹೊರಗೆ ಬನ್ನಿ. ಹೊಗೆ ಕಂಡರೆ 112ಕ್ಕೆ ಕರೆ ಮಾಡಿ.

ಲಕ್ಷಣ: ವಾಹನ ಚಾರ್ಜ್ ಆಗುತ್ತಿಲ್ಲ

ಹೊರಗಿನ ಚಾರ್ಜಿಂಗ್ ಕೇಂದ್ರದಲ್ಲೋ ಸ್ನೇಹಿತರ ಮನೆಯಲ್ಲೋ ಒಮ್ಮೆ ಚಾರ್ಜ್ ಮಾಡಿ ನೋಡಿದರೆ ದೋಷ ವಾಹನದ್ದೋ ಮನೆಯದೋ ಎಂಬುದು ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಆ್ಯಪಿನಲ್ಲಿ ಯಾರಾದರೂ ರಾತ್ರಿಯ ವೇಳಾಪಟ್ಟಿ ಹಾಕಿಟ್ಟಿದ್ದಾರೆಯೇ ಎಂಬುದನ್ನೂ ನೋಡಿಬಿಡಿ.

ಮನೆಯದೆಂದಾದರೆ ಅರ್ಥಿಂಗ್ ಮೊದಲ ಶಂಕಿತ. ಫ್ರಿಜ್, ಮೋಟಾರು ಇವೆಲ್ಲ ಅರ್ಥ್ ಇಲ್ಲದಿದ್ದರೂ ಓಡುತ್ತವೆ. ವಿದ್ಯುತ್ ಕಾರಿನ ಚಾರ್ಜರ್ ಅರ್ಥ್ ಸಿಗದೆ ಹೊರಡುವುದಿಲ್ಲ, ಕೆಂಪು ದೀಪ ಮಿನುಗಿಸುತ್ತದೆ. ಹತ್ತು ವರ್ಷ ಯಾರಿಗೂ ತಿಳಿಯದೆ ಕೆಟ್ಟು ಕೂತಿದ್ದ ಅರ್ಥಿಂಗ್ ಹೀಗೆ ಕಾರಿನ ದೆಸೆಯಿಂದ ಬಯಲಿಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಸಾಕೆಟ್ಟಿನಲ್ಲಿ ಅಳೆದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ 230, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಬೇಸಿಗೆಯಲ್ಲಿ ಮಾತ್ರ ಈ ದೋಷ ಬರುತ್ತಿದ್ದರೆ ಅರ್ಥ್ ಗುಂಡಿಯ ಮಣ್ಣು ಒಣಗಿದೆ. ಎರಡು ಕೊಡ ನೀರು ಸುರಿದು ಒಂದು ಗಂಟೆಯ ನಂತರ ಪ್ರಯತ್ನಿಸಿ. ಸರಿಹೋದರೆ ಗುಂಡಿಯನ್ನೇ ಹೊಸದಾಗಿ ಮಾಡಿಸುವುದು ಶಾಶ್ವತ ಪರಿಹಾರ. ಯುಪಿಎಸ್ ಲೈನಿನ ಸಾಕೆಟ್ಟಿಗೆ ಹಾಕಿದಾಗ, ಅದೂ ಕರೆಂಟ್ ಹೋದಾಗ ಮಾತ್ರ ನಿರಾಕರಿಸಿದರೆ ದೋಷವಲ್ಲ: ಆಗ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧ ಕಡಿದಿರುತ್ತದೆ.

ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ಕಾರು ಮೋಸಹೋಗಿ ಚಾರ್ಜ್ ಆಗುತ್ತದೆ. ಇದನ್ನು ಮಾಡಿಕೊಡುವವರೂ, ಇದಕ್ಕೆಂದೇ ಸಿದ್ಧಪಡಿಸಿದ ಪ್ಲಗ್ ಮಾರುವವರೂ ಇದ್ದಾರೆ. ಮುಂದೊಂದು ದಿನ ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಮೈಗೆ ಪೂರ್ಣ 230 ವೋಲ್ಟ್ ಬರುತ್ತದೆ, ಬೆಳಿಗ್ಗೆ ಒದ್ದೆ ಅಂಗಳದಲ್ಲಿ ನಿಂತು ಬಾಗಿಲಿಗೆ ಕೈಯಿಡುವವರು ಮನೆಯ ಮಕ್ಕಳೇ ಆಗಿರಬಹುದು. ಇದೊಂದು ಕೆಲಸ ಯಾವ ಕಾರಣಕ್ಕೂ ಕೂಡದು.

ಲಕ್ಷಣ: ಪ್ಲಗ್ ಬಿಸಿ, ಅಥವಾ ಒಣಮೀನಿನ ವಾಸನೆ

ಗೀಸರ್ ಕಾಲು ಗಂಟೆ 10 ಆಂಪಿಯರ್ ಎಳೆದು ಸುಮ್ಮನಾಗುತ್ತದೆ. ಕಾರು 15 ಆಂಪಿಯರನ್ನು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಸಾಧಾರಣ 16 ಆಂಪಿಯರ್ ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿದ್ದರೆ ಆ ಎಂಟು ಗಂಟೆಯಲ್ಲಿ ಪ್ಲಾಸ್ಟಿಕ್ ಬೇಯುತ್ತದೆ, ಬೇಯುವಾಗ ಮೀನಿನ ವಾಸನೆ ಬೀರುತ್ತದೆ. ನಾವು ಎರಡು ರಾತ್ರಿ ಪಕ್ಕದ ಮನೆಯ ಒಲೆಯ ಮೇಲೆ ಒಣಮೀನಿದೆಯೆಂದೇ ತಿಳಿದಿದ್ದೆವು. ಮೂರನೆಯ ಬೆಳಿಗ್ಗೆ ಪ್ಲಗ್ ಎಳೆದರೆ ಬರಲಿಲ್ಲ. ಆಫ್ ಮಾಡಿ ಅಲುಗಾಡಿಸಿ ತೆಗೆದಾಗ ಫೇಸಿನ ತೂತಿನ ಸುತ್ತ ಕಾಫಿ ಬಣ್ಣದ ಉಂಗುರ, ಪಿನ್ನಿನ ಬುಡಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ ಕಂಡಿತು.

ಚಾರ್ಜ್ ಆರಂಭವಾಗಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈಯನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ತಕ್ಷಣ ನಿಲ್ಲಿಸಿ. ಬಣ್ಣ ಬದಲಾದ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹಳೆಯದಾಗಿ ಉಳಿದರೆ ಹೊಸದನ್ನೂ ಸುಡುತ್ತದೆ. 16 ಆಂಪಿಯರ್ ಚಾರ್ಜಿಂಗಿಗೆ 4 ಚದರ ಮಿಲಿಮೀಟರಿನ, 32 ಆಂಪಿಯರಿನ ಗೋಡೆ ಚಾರ್ಜರಿಗೆ ಕನಿಷ್ಠ 6 ಚದರ ಮಿಲಿಮೀಟರಿನ ತಾಮ್ರದ ತಂತಿ ಮೇನ್ ಬೋರ್ಡಿನಿಂದಲೇ ಬೇರೆಯಾಗಿ ಬರಬೇಕು, ದೂರ ಹೆಚ್ಚಿದ್ದರೆ ಇನ್ನೂ ದಪ್ಪ. ಅಲ್ಲಿಯವರೆಗೆ ವಾಹನದ ಸೆಟ್ಟಿಂಗಿನಲ್ಲಿ ಕರೆಂಟನ್ನು 10 ಆಂಪಿಯರಿಗೆ ಇಳಿಸಿಕೊಳ್ಳಬಹುದು. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಯಾವ ಹೊತ್ತಿಗೂ ಬೇಡ.

ಲಕ್ಷಣ: ಚಾರ್ಜ್ ಮಾಡುವಾಗ ಟ್ರಿಪ್ ಆಗುತ್ತದೆ

ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ ಗಮನಿಸಿ; ಟೆಸ್ಟ್ ಎಂಬ ಗುಂಡಿ ಇರುವುದು ಆರ್‌ಸಿಸಿಬಿ. ಎಂಸಿಬಿ ಹಾಕಿದೊಡನೆ ಬಿದ್ದರೆ ಶಾರ್ಟ್, ಅರ್ಧ ಗಂಟೆಯ ನಂತರ ಬಿದ್ದರೆ ಹೊರೆ ಹೆಚ್ಚು ಅಥವಾ ಅದರ ಟರ್ಮಿನಲ್ ಸಡಿಲ. 7.2 ಕಿಲೋವ್ಯಾಟಿನ ಚಾರ್ಜರ್ ಒಂದೇ 32 ಆಂಪಿಯರ್ ಎಳೆಯುವಾಗ, 3 ಕಿಲೋವ್ಯಾಟ್ ಮಂಜೂರಾತಿ ಇರುವ ಮನೆಯಲ್ಲಿ ಮೇನ್ ಬೀಳುವುದು ಸಹಜ. ಅದಕ್ಕೆ ಹೆಚ್ಚುವರಿ ಲೋಡ್ ಮಂಜೂರು ಮಾಡಿಸಿಕೊಳ್ಳಬೇಕೇ ಹೊರತು ದೊಡ್ಡ ಎಂಸಿಬಿ ಕೂರಿಸಬಾರದು.

ಆರ್‌ಸಿಸಿಬಿ ಬಿದ್ದರೆ ಸುಮಾರು 30 ಮಿಲಿಆಂಪಿಯರ್ ಎಲ್ಲೋ ಭೂಮಿಗೆ ಸೋರುತ್ತಿದೆ. ವಾಹನಕ್ಕೆ ಜೋಡಿಸದೆ ಚಾರ್ಜರನ್ನು ಮಾತ್ರ ಸಾಕೆಟ್ಟಿಗೆ ಹಾಕಿದಾಗಲೇ ಬಿದ್ದರೆ ಚಾರ್ಜರ್ ಅಥವಾ ವೈರಿಂಗ್, ವಾಹನಕ್ಕೆ ಜೋಡಿಸಿದಾಗ ಬಿದ್ದರೆ ಕೇಬಲ್ ಅಥವಾ ವಾಹನ, ಮಳೆ ಬಂದಾಗ ಮಾತ್ರ ಬಿದ್ದರೆ ಗೇಟಿನ ಬಳಿಯ ಸಾಕೆಟ್ ಪೆಟ್ಟಿಗೆಯ ತೇವ. ಹಳೆಯ ಮನೆಗಳಲ್ಲಿರುವ ಏಸಿ ಬಗೆಯ ಆರ್‌ಸಿಸಿಬಿ, ವಾಹನದ ಚಾರ್ಜರಿನಿಂದ ಬರಬಹುದಾದ ಡಿಸಿ ಸೋರಿಕೆಗೆ ಕುರುಡಾಗಿಬಿಡಬಹುದು. ಆದ್ದರಿಂದ ಚಾರ್ಜಿಂಗ್ ಲೈನಿಗೆ ಕನಿಷ್ಠ ಏ ಬಗೆಯದನ್ನು, ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆಯ ಪತ್ತೆ ಇಲ್ಲದಿದ್ದರೆ ಬಿ ಬಗೆಯದನ್ನು ಹಾಕಿಸಬೇಕು. ಪದೇ ಪದೇ ಬೀಳುತ್ತದೆಂದು 100 ಮಿಲಿಆಂಪಿಯರಿನದನ್ನು ಕೂರಿಸುವುದು, ಬೈಪಾಸ್ ಮಾಡುವುದು ಎರಡೂ ಅಪಾಯ.

ತಂತ್ರಜ್ಞರು ಬಂದಾಗ

ನೋಟ್‌ಬುಕ್ಕನ್ನು ಮೊದಲು ಅವರ ಕೈಗೆ ಕೊಡಿ. ಅವರು ಹೊರಡುವ ಮುನ್ನ ನಾಲ್ಕು ಅಳತೆಗಳನ್ನು ಅವರ ಕೈಯಲ್ಲೇ ಅದರಲ್ಲಿ ಬರೆಸಿಕೊಳ್ಳಿ: ಸರಣಿಯ ತೆರೆದ ಡಿಸಿ ವೋಲ್ಟೇಜ್, ಮೆಗ್ಗರಿನ ಓದು, ಪೂರ್ಣ ಉತ್ಪಾದನೆಯಲ್ಲಿ ಇನ್ವರ್ಟರಿನಲ್ಲೂ ಮೀಟರಿನಲ್ಲೂ ಇರುವ ಏಸಿ ವೋಲ್ಟೇಜ್, ಮತ್ತು ಅರ್ಥ್ ಗುಂಡಿಯ ಪ್ರತಿರೋಧ, ಇದು 5 ಓಮ್ ಮೀರದಿದ್ದರೆ ಒಳ್ಳೆಯದು. ಪೆಟ್ಟಿಗೆಗಳು ಹೇಗೂ ತೆರೆದಿರುವುದರಿಂದ ಪ್ರತಿಯೊಂದು ಟರ್ಮಿನಲ್ಲಿನ ಸ್ಕ್ರೂವನ್ನೂ ಒಮ್ಮೆ ಬಿಗಿದು ನೋಡಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ.